ಬ್ಲಫ್‌ಗೂ ಲೆಕ್ಕ ಬರೆದವನು: ಜಾನ್ ವಾನ್ ನ್ಯೂಮನ್

ನಮ್ಮ ಕನ್ನಡ ಬಳಗದಲ್ಲಿ ಒಂದು ಆಟ ಇದೆ. ಸಭೆ ಶುರುವಾಗೋಕೆ ಮುಂಚೆ ಯಾರಾದರೂ ಒಂದು ಪದ ಹೇಳಬೇಕು, ಉಳಿದವರು ತಮಗೆ ಗೊತ್ತಿರೋ ಅರ್ಥಗಳನ್ನ ಹೇಳ್ತಾ ಹೋಗಬೇಕು. ಕಳೆದ ತಿಂಗಳು ಬಂದ ಪದ ಪೋಕರ್. ಇದು ಕನ್ನಡವೇ ಅಲ್ಲ ಅಂತ ಒಬ್ಬರು ತಕರಾರು ತೆಗೆದರು. ಬಸ್ಸು, ಪೆನ್ನು, ಸಿಲಬಸ್ಸು ಎಲ್ಲಾ ಕನ್ನಡ ಆದಮೇಲೆ ಇದಕ್ಯಾಕೆ ಅಡ್ಡಿ ಅಂತ ಉಳಿದವರು ಅವರ ಬಾಯಿ ಮುಚ್ಚಿಸಿದರು.

ಮೊದಲು ಎದ್ದಿದ್ದು ಮೆಕ್ಯಾನಿಕಲ್‌ನವರು. ವರ್ಕ್‌ಶಾಪಿನ ಸ್ಮಿತಿ ವಿಭಾಗದಲ್ಲಿ ಕುಲುಮೆಯ ಕೆಂಡ ಕೆದಕೋಕೆ ಇಟ್ಟಿರೋ ಉದ್ದನೆಯ ಕಬ್ಬಿಣದ ಸಲಾಕೆಯೇ ಪೋಕರ್, ಮೊದಲ ವರ್ಷ ರೆಕಾರ್ಡ್ ಪುಸ್ತಕದಲ್ಲಿ ಅದರ ಚಿತ್ರ ಬರೆದು ಮಾರ್ಕ್ಸ್ ತಗೊಂಡಿದ್ದೀವಿ ಅಂದರು. ಸಿವಿಲ್‌ನವರ ಪೋಕರ್ ಬೇರೆ: ಹಸಿ ಕಾಂಕ್ರೀಟಿನೊಳಗೆ ಇಳಿಸಿದರೆ ಗುರ್ರ್ ಅಂತ ನಡುಗಿ ಗಾಳಿಗುಳ್ಳೆಗಳನ್ನ ಹೊರಗೆ ಓಡಿಸೋ ವೈಬ್ರೇಟರ್. ಸೈಟಲ್ಲಿ ಅದಕ್ಕೆ ನೀಡಲ್ ಅಂತಾರೆ, ಪುಸ್ತಕದಲ್ಲಿ ಪೋಕರ್ ವೈಬ್ರೇಟರ್. ಇಂಟರ್ನ್‌ಶಿಪ್ ಮುಗಿಸಿ ಬಂದ ಕಂಪ್ಯೂಟರ್ ಸೈನ್ಸ್‌ನ ಗೆಳತಿ ಪ್ಲಾನಿಂಗ್ ಪೋಕರ್ ಅಂದಳು. ಒಂದು ಕೆಲಸಕ್ಕೆ ಎಷ್ಟು ಶ್ರಮ ಬೇಕು ಅಂತ ತಂಡದ ಎಲ್ಲರೂ ಒಂದೊಂದು ಅಂಕಿಯ ಎಲೆ ಆರಿಸಿ, ಒಟ್ಟಿಗೇ ತಿರುಗಿಸಿ ತೋರಿಸಬೇಕಂತೆ. ಮ್ಯಾನೇಜರ್ ಹೇಳಿದ ಅಂಕಿಯನ್ನೇ ಎಲ್ಲರೂ ಹೇಳೋದನ್ನ ತಪ್ಪಿಸೋಕೆ ಈ ಉಪಾಯ. ಸಿಮ್ಯುಲೇಶನ್ ಎಲೆಕ್ಟಿವ್ ತಗೊಂಡವರು ಪೋಕರ್ ಟೆಸ್ಟ್ ಅಂದರು. ಏನೂ ಓದದೆ ವೈವಾಕ್ಕೆ ಹೋಗಿ ಎಲ್ಲಾ ಗೊತ್ತಿರೋ ಹಾಗೆ ನಿಲ್ಲೋ ಮುಖಕ್ಕೆ ಏನಂತಾರೆ ಅನ್ನೋದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಹಾಸ್ಟೆಲಿನ ಒಬ್ಬ ಗೆಳೆಯ, ಫೋನಲ್ಲಿ ಆಡೋದು ಅಂತಷ್ಟೇ ಹೇಳಿ ಸುಮ್ಮನಾದ. ನಾವೂ ಸುಮ್ಮನಾದೆವು. ಅವನ ರೂಮ್‌ಮೇಟ್ ಊರಿಂದ ಬಂದ ಫೀಸಿನ ದುಡ್ಡನ್ನ ಫೋನಿನ ಪೋಕರ್‌ನಲ್ಲಿ ಮೂರು ರಾತ್ರಿಗೆ ಕಳಕೊಂಡಿದ್ದು ಎಲ್ಲರಿಗೂ ಗೊತ್ತಿತ್ತು. ಅವನು ದಡ್ಡನಲ್ಲ, ಗಣಿತದಲ್ಲಿ ನಮಗಿಂತ ಮುಂದೆ. ಇದು ಜೂಜಲ್ಲ, ಇದಕ್ಕೆ ಪಕ್ಕಾ ಲೆಕ್ಕ ಇದೆ, ದೊಡ್ಡ ಗಣಿತಜ್ಞನೊಬ್ಬ ಯಾವಾಗಲೋ ಸಾಧಿಸಿ ತೋರಿಸಿದ್ದಾನೆ ಅಂತ ನಮಗೇ ಪಾಠ ಮಾಡ್ತಿದ್ದ. ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಆ ಗಣಿತಜ್ಞ ನಿಜವಾಗಿ ಇದ್ದ, ಲೆಕ್ಕವೂ ಇದೆ. ಹಾಗಾದರೆ ಅವನು ಸಾಧಿಸಿದ್ದು ಏನು, ಸಾಧಿಸದೇ ಇದ್ದದ್ದು ಏನು? ಈ ಸಂಚಿಕೆಯ ವ್ಯಕ್ತಿಚಿತ್ರಕ್ಕೆ ನಾವು ಜಾನ್ ವಾನ್ ನ್ಯೂಮನ್‌ನನ್ನ ಆರಿಸಿಕೊಂಡಿದ್ದು ಇದಕ್ಕೇ.

ವಾನ್ ನ್ಯೂಮನ್ ಅಂದ ಕೂಡಲೇ ನಮಗೆ ನೆನಪಾಗೋದು ಕಂಪ್ಯೂಟರ್ ಆರ್ಗನೈಸೇಶನ್ ಪುಸ್ತಕದ ಮೊದಲ ಅಧ್ಯಾಯದ ಡಬ್ಬಿ-ಬಾಣದ ಚಿತ್ರ. ಮೆಮೊರಿ ಒಂದು ಡಬ್ಬಿ, ಪ್ರೊಸೆಸರ್ ಒಂದು ಡಬ್ಬಿ, ಐದು ಮಾರ್ಕ್ಸು. ಆ ಚಿತ್ರದ ಹಿಂದಿದ್ದ ಮನುಷ್ಯ ಹುಟ್ಟಿದ್ದು 1903ರ ಡಿಸೆಂಬರ್ 28ರಂದು, ಹಂಗೇರಿಯ ಬುಡಾಪೆಸ್ಟಿನಲ್ಲಿ. ಮನೆಯಲ್ಲಿ ಇಟ್ಟ ಹೆಸರು ಯಾನೋಶ್. ಅಪ್ಪ ಮಿಕ್ಶಾ ನಾಯ್ಮನ್ ಯಹೂದಿ ಬ್ಯಾಂಕರ್, ಅನುಕೂಲಸ್ಥ. 1913ರಲ್ಲಿ ಚಕ್ರವರ್ತಿ ಫ್ರಾನ್ಜ್ ಯೋಸೆಫ್ ಈ ಮನೆತನಕ್ಕೆ ಕುಲೀನ ಪದವಿ ಕೊಟ್ಟ, ಹೆಸರಿನ ನಡುವಿನ ವಾನ್ ಬಂದಿದ್ದು ಅಲ್ಲಿಂದ. ಹುಡುಗ ಆರನೇ ವಯಸ್ಸಿಗೇ ಎಂಟಂಕಿಯ ಸಂಖ್ಯೆಗಳನ್ನ ಮನಸ್ಸಲ್ಲೇ ಭಾಗಿಸ್ತಿದ್ದ ಅಂತ ಹೇಳ್ತಾರೆ. ಇಂಥ ಕಥೆ ಎಲ್ಲಾ ಮೇಧಾವಿಗಳ ಬಗ್ಗೆಯೂ ಇರುತ್ತೆ, ಅರ್ಧ ನಂಬೋಣ. ಆದರೆ ಅವನ ನೆನಪಿನ ಶಕ್ತಿಯನ್ನ ದೊಡ್ಡವನಾದ ಮೇಲೆ ಕಣ್ಣಾರೆ ಕಂಡವರು ಬಹಳ ಜನ. ಹರ್ಮನ್ ಗೋಲ್ಡ್‌ಸ್ಟೈನ್ ಅನ್ನೋ ಸಹೋದ್ಯೋಗಿ ಒಮ್ಮೆ ಪರೀಕ್ಷೆ ಮಾಡೋಕೆ ಡಿಕನ್ಸ್‌ನ ಒಂದು ಕಾದಂಬರಿಯ ಹೆಸರು ಹೇಳಿ, ಶುರು ಹೇಗಿದೆ ಹೇಳು ಅಂದನಂತೆ. ಸಾಕು ನಿಲ್ಲಿಸಪ್ಪಾ ಅನ್ನೋವರೆಗೂ ನ್ಯೂಮನ್ ಒಪ್ಪಿಸ್ತಾನೇ ಇದ್ದ.

ನಮಗೆ ಆಪ್ತ ಅನಿಸೋ ವಿಷಯ ಮುಂದಿದೆ. ಮಗ ಗಣಿತ ಓದ್ತೀನಿ ಅಂದ. ಅಪ್ಪ, ಅದರಿಂದ ಹೊಟ್ಟೆ ತುಂಬೋಲ್ಲ, ಇಂಜಿನಿಯರಿಂಗ್ ಓದು ಅಂದ. ನೂರು ವರ್ಷದ ಹಿಂದೆ, ಬುಡಾಪೆಸ್ಟಲ್ಲೂ ಇದೇ ಕಥೆ! ಮಗನ ಮನಸ್ಸು ತಿರುಗಿಸೋಕೆ ವಾಯುಯಾನ ವಿಜ್ಞಾನಿ ಥಿಯೋಡರ್ ವಾನ್ ಕಾರ್ಮಾನ್‌ನನ್ನೇ ಅಪ್ಪ ಹಿಡಿದಿದ್ದ. ಕೊನೆಗೆ ರಾಜಿಯಾಯಿತು. ಕೆಮಿಕಲ್ ಇಂಜಿನಿಯರಿಂಗ್ ಓದೋದು, ಜೊತೆಗೇ ಗಣಿತದಲ್ಲಿ ಡಾಕ್ಟರೇಟೂ ಮಾಡೋದು. ಆಗ ಹಂಗೇರಿಯ ವಿಶ್ವವಿದ್ಯಾಲಯಗಳಲ್ಲಿ ಯಹೂದಿಗಳ ಸಂಖ್ಯೆಗೆ ಮಿತಿ ಹಾಕೋ ಕಾನೂನು 1920ರಲ್ಲಿ ಬಂದಿತ್ತು, ಅದನ್ನೂ ದಾಟಿ ಸೀಟು ಸಿಕ್ಕಿತು. ಬರ್ಲಿನ್‌ನಲ್ಲಿ ರಸಾಯನಶಾಸ್ತ್ರ, ಆಮೇಲೆ ಜ್ಯೂರಿಕ್‌ನಲ್ಲಿ ಇಂಜಿನಿಯರಿಂಗ್, ಬುಡಾಪೆಸ್ಟಿಗೆ ಬರೀ ಪರೀಕ್ಷೆ ಬರೆಯೋಕೆ ಹೋಗಿಬರೋದು. ಅಟೆಂಡೆನ್ಸ್ ಶಾರ್ಟೇಜ್ ಅನ್ನೋದು ಅಲ್ಲಿರಲಿಲ್ಲ ಅಂತ ಕಾಣುತ್ತೆ. 1926ರಲ್ಲಿ ಎರಡೂ ಮುಗೀತು. ಅಂದ್ರೆ ಕಂಪ್ಯೂಟರ್ ಸೈನ್ಸ್‌ನವರ ಈ ಕುಲದೇವರು ಡಿಗ್ರಿ ಲೆಕ್ಕದಲ್ಲಿ ಕೆಮಿಕಲ್‌ನವರ ಪಾಲು. ಬ್ರಾಂಚ್ ಬದಲಾಯಿಸೋಕೆ ಆಗಲಿಲ್ಲ ಅಂತ ಕೊರಗೋ ನಮ್ಮವರು ಗಮನಿಸಬಹುದು.

ಅದೇ 1926ರ ಡಿಸೆಂಬರ್‌ನಲ್ಲಿ ಗಾಟಿಂಗನ್ ನಗರದಲ್ಲಿ ಅವನು ಒಂದು ಉಪನ್ಯಾಸ ಕೊಟ್ಟ, 1928ರಲ್ಲಿ ಅದು ಪ್ರಬಂಧವಾಗಿ ಅಚ್ಚಾಯಿತು. ವಿಷಯ, ಜನ ಕೂಡಿ ಕೂತು ಆಡೋ ಆಟಗಳು. ಫ್ರಾನ್ಸ್‌ನ ಎಮಿಲ್ ಬೊರೆಲ್ ಸ್ವಲ್ಪ ಮುಂಚೆ ಇದೇ ದಾರಿಯಲ್ಲಿ ಹೊರಟಿದ್ದ. ಆದರೆ ಸಾಮಾನ್ಯವಾಗಿ ಎಲ್ಲಾ ಇಬ್ಬರಾಟಗಳಿಗೂ ಅನ್ವಯಿಸೋ ಪ್ರಮೇಯವನ್ನ ಸಾಧಿಸಿದವನು ನ್ಯೂಮನ್.

ಅದನ್ನ ನಮ್ಮ ಹುಣಸೆಬೀಜದ ಆಟದಲ್ಲೇ ನೋಡಬಹುದು. ಒಬ್ಬ ಮುಷ್ಟಿಯಲ್ಲಿ ಬೀಜ ಮುಚ್ಚಿಟ್ಟು ಸರಿಯೋ ಬೆಸವೋ ಅಂತ ಕೇಳ್ತಾನೆ, ಇನ್ನೊಬ್ಬ ಊಹೆ ಮಾಡಬೇಕು. ಊಹೆ ಸರಿಯಾದರೆ ಅವನಿಗೆ ಒಂದು ಬೀಜ, ತಪ್ಪಾದರೆ ಇವನಿಗೆ ಒಂದು. ನೀವು ಯಾವಾಗಲೂ ಸರಿ ಸಂಖ್ಯೆಯನ್ನೇ ಹಿಡಿದರೆ ಎದುರಾಳಿ ಎರಡು ಸುತ್ತಿಗೆ ನಿಮ್ಮನ್ನ ಓದಿಬಿಡ್ತಾನೆ. ಒಂದು ಸಲ ಸರಿ, ಒಂದು ಸಲ ಬೆಸ ಅಂತ ಕ್ರಮ ಹಿಡಿದರೂ ಅಷ್ಟೇ. ಯಾವ ಕ್ರಮವೂ ಇಲ್ಲದೆ, ನಾಣ್ಯ ಚಿಮ್ಮಿ ನಿರ್ಧರಿಸಿದ ಹಾಗೆ ಅರ್ಧಕ್ಕರ್ಧ ಬೆರೆಸಿದರೆ ಮಾತ್ರ ಎದುರಾಳಿ ಎಂಥಾ ಚಾಣಾಕ್ಷನಾದರೂ ಸರಾಸರಿಯಲ್ಲಿ ನಿಮ್ಮಿಂದ ಏನೂ ಕೀಳೋಕಾಗಲ್ಲ. ನಿಮ್ಮ ಗುಟ್ಟನ್ನ ನೀವೇ ಬಾಯಿಬಿಟ್ಟು ಹೇಳಿದರೂ ಅವನಿಗೆ ಉಪಯೋಗ ಇಲ್ಲ. ಒಬ್ಬನ ಲಾಭ ಇನ್ನೊಬ್ಬನ ನಷ್ಟಕ್ಕೆ ಸರಿಸಮ ಆಗಿರೋ, ಆಯ್ಕೆಗಳು ಎಣಿಕೆಗೆ ಸಿಗೋ ಯಾವುದೇ ಇಬ್ಬರಾಟದಲ್ಲಿ ಇಂಥದ್ದೊಂದು ಬೆರಕೆ ಇದ್ದೇ ಇರುತ್ತೆ ಅನ್ನೋದು ಆ ಪ್ರಮೇಯ. ಗಮನಿಸಿ, ಇದು ಗೆಲ್ಲೋ ದಾರಿ ಅಲ್ಲ. ಅತಿ ಕೆಟ್ಟ ಸಂದರ್ಭದಲ್ಲೂ ಇದಕ್ಕಿಂತ ಹೆಚ್ಚು ಕಳಕೊಳ್ಳದೇ ಇರೋ ದಾರಿ.

1930ರಲ್ಲಿ ನ್ಯೂಮನ್ ಅಮೆರಿಕದ ಪ್ರಿನ್ಸ್‌ಟನ್‌ಗೆ ಹೋದ. ಅದೇ ವರ್ಷ ಮಾರಿಯೆಟ್ ಜೊತೆ ಮದುವೆ, 1935ರಲ್ಲಿ ಮಗಳು ಮರೀನಾ. 1933ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್ಡ್ ಸ್ಟಡಿಯ ಮೊದಲ ಪ್ರೊಫೆಸರುಗಳಲ್ಲಿ ಐನ್‌ಸ್ಟೈನ್ ಜೊತೆ ಇವನೂ ಒಬ್ಬ. ಯಾನೋಶ್ ಈಗ ಎಲ್ಲರಿಗೂ ಜಾನಿ. ಪ್ರೊಫೆಸರ್ ಅಂದರೆ ನಾವು ಅಂದುಕೊಳ್ಳೋ ಹಾಗಲ್ಲ. ಯಾವಾಗಲೂ ಸೂಟು, ಮನೆಯಲ್ಲಿ ದೊಡ್ಡ ಪಾರ್ಟಿಗಳು, ಆಫೀಸಿನಲ್ಲಿ ಜೋರಾಗಿ ಜರ್ಮನ್ ಕವಾಯತು ಸಂಗೀತ. ಪಕ್ಕದ ಕೋಣೆಗಳಿಂದ ಬಂದ ದೂರುಗಳಲ್ಲಿ ಐನ್‌ಸ್ಟೈನ್‌ನದ್ದೂ ಇತ್ತು. ಕಾರು ಓಡಿಸೋದಂತೂ ದೇವರಿಗೇ ಪ್ರೀತಿ, ಸ್ಟೀರಿಂಗ್ ಮೇಲೆ ಪುಸ್ತಕ ಇಟ್ಟುಕೊಂಡು ಓದೋನು. ಅಪಘಾತಗಳ ಹಳವಂಡದಲ್ಲಿ ಪ್ರಿನ್ಸ್‌ಟನ್ನಿನ ಒಂದು ತಿರುವಿಗೆ ಅವನ ಹೆಸರೇ ಬಿತ್ತು. ಮೊದಲ ಮದುವೆ 1937ರಲ್ಲಿ ಮುರಿಯಿತು, ಮರುವರ್ಷ ಬುಡಾಪೆಸ್ಟಿನ ಕ್ಲಾರಾಳನ್ನ ಮದುವೆಯಾದ.

ವಿಯೆನ್ನಾದಿಂದ ಬಂದಿದ್ದ ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗನ್‌ಸ್ಟರ್ನ್, ಆಸ್ಟ್ರಿಯಾ ಹಿಟ್ಲರ್ ಪಾಲಾದ ಮೇಲೆ ಪ್ರಿನ್ಸ್‌ಟನ್‌ನಲ್ಲೇ ಉಳಿದಿದ್ದ. ಇಬ್ಬರೂ ಸೇರಿ ಬರೆದ, ಆರುನೂರಕ್ಕೂ ಹೆಚ್ಚು ಪುಟಗಳ ಆಟ ಮತ್ತು ಆರ್ಥಿಕ ನಡವಳಿಕೆಯ ಗ್ರಂಥ 1944ರಲ್ಲಿ ಹೊರಬಂತು. ಅದರಲ್ಲಿ ಪೋಕರ್‌ಗೇ ಒಂದು ದೊಡ್ಡ ಭಾಗ. ಯಾಕೆ ಪೋಕರ್, ಚೆಸ್ ಯಾಕಲ್ಲ? ಯುದ್ಧದ ಕಾಲದಲ್ಲಿ ಲಂಡನ್ನಿನ ಟ್ಯಾಕ್ಸಿಯೊಂದರಲ್ಲಿ ಜೇಕಬ್ ಬ್ರನೋವ್‌ಸ್ಕಿ ಇದನ್ನೇ ಕೇಳಿದ್ದನಂತೆ. ನ್ಯೂಮನ್‌ನ ವಾದ ಏನಂದ್ರೆ, ಚೆಸ್‌ನಲ್ಲಿ ಎಲ್ಲಾ ಕಾಯಿಗಳೂ ಹಲಗೆಯ ಮೇಲೆ ಕಣ್ಣೆದುರಿಗೇ ಇರುತ್ತವೆ. ಸಾಕಷ್ಟು ಲೆಕ್ಕ ಹಾಕೋ ಶಕ್ತಿ ಇದ್ದರೆ ಪ್ರತಿ ಸ್ಥಿತಿಗೂ ಒಂದು ಸರಿ ಉತ್ತರ ಇರಲೇಬೇಕು. ಬದುಕು ಹಾಗಲ್ಲ. ಎದುರಿನವನ ಕೈಯಲ್ಲಿ ಏನಿದೆ ಕಾಣೋಲ್ಲ, ನನ್ನ ಬಗ್ಗೆ ಅವನು ಏನಂದುಕೊಂಡಿದ್ದಾನೆ ಅಂತ ನಾನು ಊಹಿಸಬೇಕು.

ಪುಸ್ತಕದ ಪೋಕರ್‌ನ ಅತಿ ಸರಳ ರೂಪವನ್ನ ಇಲ್ಲಿ ಕೊಡ್ತೀವಿ, ಪೆನ್ನು ಹಿಡಿದು ನೋಡಿ. ಇಬ್ಬರು ಆಟಗಾರರು, ಇಬ್ಬರೂ ಮೊದಲೇ ಒಂದೊಂದು ರೂಪಾಯಿ ನಡುವೆ ಇಡಬೇಕು. ಎಲೆ ಬದಲು ಇಬ್ಬರಿಗೂ 0ಯಿಂದ 90ರೊಳಗೆ ಒಂದೊಂದು ಗುಪ್ತ ಸಂಖ್ಯೆ, ದೊಡ್ಡದು ಬಂದವನು ಗೆದ್ದ. ಮೊದಲನೆಯವನಿಗೆ ಎರಡು ದಾರಿ: ಸುಮ್ಮನೆ ಸಂಖ್ಯೆ ತೋರಿಸೋದು, ಇಲ್ಲಾ ಇನ್ನೂ ಎರಡು ರೂಪಾಯಿ ಪಂಥ ಕಟ್ಟೋದು. ಪಂಥ ಕಟ್ಟಿದರೆ ಎರಡನೆಯವನು ತಾನೂ ಎರಡು ರೂಪಾಯಿ ಹಾಕಿ ನೋಡಬೇಕು, ಇಲ್ಲಾ ಕೈಬಿಟ್ಟು ನಡುವಿನ ದುಡ್ಡು ಬಿಟ್ಟುಕೊಡಬೇಕು. ಹೇಗೆ ಆಡಬೇಕು?

ಸಂಖ್ಯೆ 70ಕ್ಕಿಂತ ಮೇಲಿದ್ದರೆ ಪಂಥ ಕಟ್ಟು. ಇದು ಯಾರಿಗಾದರೂ ಹೊಳೆಯೋದೇ. 10ರಿಂದ 70ರ ನಡುವೆ ಇದ್ದರೆ ತೆಪ್ಪಗಿರು. 10ಕ್ಕಿಂತ ಕೆಳಗೆ, ಅಂದ್ರೆ ಕೈಯಲ್ಲಿ ಏನೇನೂ ಇಲ್ಲದಾಗ, ಮತ್ತೆ ಪಂಥ ಕಟ್ಟು! ಇದೇ ಬ್ಲಫ್. ಎರಡನೆಯವನು 50ಕ್ಕಿಂತ ಮೇಲಿದ್ದರೆ ನೋಡಬೇಕು, ಇಲ್ಲದಿದ್ದರೆ ಬಿಡಬೇಕು.

ಯಾಕೆ 30 ಇಟ್ಟುಕೊಂಡು ಬ್ಲಫ್ ಮಾಡಬಾರದು? ಯಾಕಂದ್ರೆ 30ಕ್ಕೆ ಸುಮ್ಮನೆ ತೋರಿಸಿದರೂ ಮೂರರಲ್ಲಿ ಒಂದು ಸಲ ಗೆಲ್ಲೋ ಯೋಗ ಇದೆ, ಅದನ್ನ ಪಣಕ್ಕಿಡೋದು ದಂಡ. 5 ಇದ್ದವನಿಗೆ ತೋರಿಸಿ ಸಿಗೋದು ಹೆಚ್ಚುಕಡಿಮೆ ಏನೂ ಇಲ್ಲ. ಬ್ಲಫ್ ಮಾಡಬೇಕಾದವನು ಸಾಧಾರಣ ಕೈ ಇರೋನಲ್ಲ, ಬರಿಗೈಯವನು. ಪಂಥಗಳಲ್ಲಿ ಮೂರಕ್ಕೊಂದು ಸುಳ್ಳು ಅಂತಾಯಿತು. ಅಷ್ಟು ಸುಳ್ಳು ಇಲ್ಲದೇ ಹೋದರೆ ಏನಾಗುತ್ತೆ? ಅವನು ಪಂಥ ಕಟ್ಟಿದ ಅಂದ್ರೆ ಕೈ ಗಟ್ಟಿ ಅಂತ ಗೊತ್ತಾಗಿ ಎದುರಿನವನು ಪ್ರತಿ ಸಲ ಜಾಗ ಖಾಲಿ ಮಾಡ್ತಾನೆ, ಒಳ್ಳೇ ಕೈ ಬಂದಾಗಲೂ ಸಿಗೋದು ಪುಡಿಕಾಸು. ಬ್ಲಫ್‌ನ ಅರ್ಧ ಕೆಲಸ ಸಿಕ್ಕಿಬೀಳೋದೇ. ಸಿಕ್ಕಿಬಿದ್ದಿದ್ದು ನೋಡಿದವನು ಮುಂದಿನ ಸಲ ನಿಮ್ಮ ನಿಜವಾದ ಕೈಯನ್ನೂ ನಂಬದೆ ದುಡ್ಡು ಹಾಕ್ತಾನೆ. ಇದನ್ನ ಇಸ್ಪೀಟಿನ ಹಳೇ ಹುಲಿಗಳು ಅನುಭವದಿಂದ ಬಲ್ಲರು. ನ್ಯೂಮನ್ ಮಾಡಿದ್ದು ಏನಂದ್ರೆ, ಬ್ಲಫ್ ಅನ್ನೋದು ಧೈರ್ಯದ, ಸ್ವಭಾವದ, ಮುಖ ಓದೋ ಕಲೆಯ ವಿಷಯವಲ್ಲ, ಬರೀ ಲೆಕ್ಕದಿಂದಲೂ ಹುಟ್ಟುತ್ತೆ ಅಂತ ತೋರಿಸಿದ್ದು.

ಈಗ ನಮ್ಮ ರೂಮ್‌ಮೇಟ್ ವಿಷಯಕ್ಕೆ ಬರೋಣ. ಇಬ್ಬರೂ ತಪ್ಪಿಲ್ಲದೆ ಆಡಿದರೆ ಮೊದಲನೆಯವನಿಗೆ ಸರಾಸರಿ ಸುತ್ತಿಗೆ ಒಂಬತ್ತನೇ ಒಂದು ರೂಪಾಯಿ ಲಾಭ, ಸುಮಾರು 11 ಪೈಸೆ. ಮುಂದಿನ ಸುತ್ತಲ್ಲಿ ಸರದಿ ಬದಲಾದರೆ ಅದು ಎದುರಿನವನಿಗೆ ಹೋಗುತ್ತೆ. ಹಾಗಾಗಿ ಪರಿಪೂರ್ಣವಾಗಿ ಆಡೋ ಇಬ್ಬರು ರಾತ್ರಿಯಿಡೀ ಆಡಿದರೂ ಸರಾಸರಿಯಲ್ಲಿ ಸೊನ್ನೆ. ಇದರ ನಡುವೆ ಆಟ ನಡೆಸೋ ಕಂಪನಿ ಕೂತಿರುತ್ತೆ, ಪ್ರತಿ ಸುತ್ತಿನ ದುಡ್ಡಿನಲ್ಲೂ ತನ್ನ ಪಾಲು ಎತ್ತಿಕೊಳ್ಳುತ್ತೆ. ಲೆಕ್ಕಕ್ಕೋಸ್ಕರ ನೂರಕ್ಕೆ ಐದು ಅಂತ ಇಟ್ಟುಕೊಳ್ಳೋಣ. ನಮ್ಮ ಈ ಆಟದಲ್ಲಿ ಸುತ್ತಿಗೆ ಸರಾಸರಿ ನಡುವೆ ಬೀಳೋದು 2 ರೂಪಾಯಿ 59 ಪೈಸೆ (ಬೇಕಾದರೆ ಲೆಕ್ಕ ಹಾಕಿ ನೋಡಿ), ಅದರಲ್ಲಿ ಐದು ಪಾಲು ಅಂದ್ರೆ 13 ಪೈಸೆ. ಲಾಭದ ಸ್ಥಾನದಲ್ಲಿ ಕೂತವನ ಪೂರ್ತಿ ಲಾಭಕ್ಕಿಂತ ಹೆಚ್ಚು! ಒಬ್ಬನ ಗೆಲುವು ಇನ್ನೊಬ್ಬನ ಸೋಲಿಗೆ ಸಮ ಅನ್ನೋ ಪ್ರಮೇಯದ ಮೊದಲ ಷರತ್ತೇ ಅಲ್ಲಿ ಮುರಿದುಬಿತ್ತು. ಅದೂ ಅಲ್ಲದೆ ಫೋನಿನ ಮೇಜಿನ ಸುತ್ತ ಇರೋದು ಇಬ್ಬರಲ್ಲ, ಐದಾರು ಜನ. ಮೂರು ಅಥವಾ ಹೆಚ್ಚು ಜನರ ಆಟಕ್ಕೆ ಈ ಪ್ರಮೇಯ ಸುಮ್ಮನೆ ದಾಟಿ ಬರೋದಿಲ್ಲ, ಪುಸ್ತಕದ ದೊಡ್ಡ ಭಾಗ ಆ ತೊಡಕಿನ ಜೊತೆ ಗುದ್ದಾಡುತ್ತೆ.

ಮತ್ತೆ ನ್ಯೂಮನ್ ತಾನು ಎಂಥಾ ಆಟಗಾರ? ಅಷ್ಟಕ್ಕಷ್ಟೆ. ಲಾಸ್ ಅಲಮೋಸ್‌ನಲ್ಲಿ ಜೊತೆಗಿದ್ದ ನಿಕ್ ಮೆಟ್ರೊಪೊಲಿಸ್ ಒಮ್ಮೆ ಅವನಿಂದ ಪೋಕರ್‌ನಲ್ಲಿ ಹತ್ತು ಡಾಲರ್ ಗೆದ್ದ. ಐದು ಡಾಲರ್ ಕೊಟ್ಟು ನ್ಯೂಮನ್‌ನ ಆ ಗ್ರಂಥವನ್ನೇ ಕೊಂಡು, ಉಳಿದ ಐದು ಡಾಲರನ್ನ ವಿಜಯದ ಗುರುತಿಗೆ ಪುಸ್ತಕದ ರಟ್ಟಿನೊಳಗೆ ಅಂಟಿಸಿದ ಅನ್ನೋ ಕಥೆ ಆ ಬಳಗದಲ್ಲಿ ಓಡಾಡುತ್ತಿತ್ತು.

ಲಾಸ್ ಅಲಮೋಸ್ ಅಂದ ಮೇಲೆ ನಗು ಸ್ವಲ್ಪ ಕಮ್ಮಿ ಮಾಡಬೇಕು. 1943ರಿಂದ ನ್ಯೂಮನ್ ಅಣುಬಾಂಬ್ ಯೋಜನೆಯ ಸಲಹೆಗಾರ. ಪ್ಲುಟೋನಿಯಂ ಗೋಳವನ್ನ ಸುತ್ತಲಿಂದ ಸ್ಫೋಟಕಗಳಿಂದ ಒಂದೇ ಕ್ಷಣಕ್ಕೆ, ಒಂದೇ ಸಮನಾಗಿ ಒಳಕ್ಕೆ ಅದುಮಬೇಕಿತ್ತು. ಒಂದು ಕಡೆ ಹೆಚ್ಚುಕಮ್ಮಿ ಆದರೂ ಕೆಟ್ಟಿತು. ಆಘಾತದ ಅಲೆಗಳ ಆ ಗಣಿತದಲ್ಲಿ ಅವನ ಪಾಲು ದೊಡ್ಡದು. ಬಾಂಬು ನೆಲದ ಮೇಲಲ್ಲ, ಎಷ್ಟು ಎತ್ತರದಲ್ಲಿ ಸಿಡಿದರೆ ಹೆಚ್ಚು ಹಾನಿ ಅನ್ನೋ ಲೆಕ್ಕದಲ್ಲೂ ಇದ್ದ. 1945ರಲ್ಲಿ ಯಾವ ನಗರದ ಮೇಲೆ ಹಾಕಬೇಕು ಅಂತ ಆರಿಸಿದ ಸಮಿತಿಯಲ್ಲೂ ಇದ್ದ. ಆ ಸಮಿತಿಯ ಪಟ್ಟಿಯಲ್ಲಿ ಮೊದಲಿಗೆ ಇದ್ದದ್ದು ದೇವಾಲಯಗಳ ಊರು ಕ್ಯೋಟೊ. ಯುದ್ಧ ಮಂತ್ರಿ ಸ್ಟಿಮ್‌ಸನ್ ಹಟ ಹಿಡಿದು ಅದನ್ನ ತೆಗೆಸಿದ. ಆಗಸ್ಟ್ 9ರಂದು ನಾಗಾಸಾಕಿಯ ಮೇಲೆ ಬಿದ್ದದ್ದು ಒಳಕ್ಕೆ ಅದುಮೋ ಆ ಬಗೆಯ ಬಾಂಬೇ. ಈ ಭಾಗವನ್ನ ನಾವು ಎರಡು ಸಲ ಬರೆದು ಹೊಡೆದುಹಾಕಿದೆವು. ಅವನನ್ನ ಖಳನಾಯಕ ಮಾಡೋದೂ ಸುಲಭ, ಯುದ್ಧಕಾಲ ಅಂತ ತಳ್ಳಿಬಿಡೋದೂ ಸುಲಭ. ಅವನಿಗೆ ಹಿಟ್ಲರನ ಭಯ ಇತ್ತು ಅನ್ನೋದು ನಮಗೆ ಅರ್ಥವಾಗುತ್ತೆ. ಕ್ಯೋಟೊ ಪಟ್ಟಿಯಲ್ಲಿ ಮೊದಲಿತ್ತು ಅನ್ನೋದು ಅರ್ಥವಾಗೋಲ್ಲ.

ಕಂಪ್ಯೂಟರ್ ಕಥೆ ಶುರುವಾಗಿದ್ದು ರೈಲ್ವೆ ಸ್ಟೇಷನ್ನಿನಲ್ಲಿ. 1944ರ ಬೇಸಿಗೆ, ಮೇರಿಲ್ಯಾಂಡ್‌ನ ಅಬರ್ಡೀನ್ ಪ್ಲಾಟ್‌ಫಾರ್ಮಿನಲ್ಲಿ ರೈಲಿಗೆ ಕಾಯ್ತಿದ್ದ ನ್ಯೂಮನ್‌ನನ್ನ ಗೋಲ್ಡ್‌ಸ್ಟೈನ್ ತಾನಾಗಿ ಮಾತಾಡಿಸಿದ. ಫಿಲಡೆಲ್ಫಿಯಾದಲ್ಲಿ ಸೆಕೆಂಡಿಗೆ ನೂರಾರು ಗುಣಾಕಾರ ಮಾಡೋ ಎಲೆಕ್ಟ್ರಾನಿಕ್ ಯಂತ್ರ ಕಟ್ತಿದ್ದೀವಿ ಅಂದದ್ದೇ ತಡ, ಹರಟೆ ಹೋಗಿ ಡಾಕ್ಟರೇಟ್ ವೈವಾ ಥರ ಆಯ್ತಂತೆ. ಆ ಯಂತ್ರ ಎನಿಯಾಕ್. ಕೆಲಸ ಬದಲಾದಾಗಲೆಲ್ಲ ಅದರ ತಂತಿಗಳನ್ನ ಕಿತ್ತು ಮತ್ತೆ ಜೋಡಿಸಬೇಕಿತ್ತು. ಮುಂದಿನ ಯಂತ್ರದಲ್ಲಿ ದತ್ತಾಂಶದ ಜೊತೆ ಆದೇಶಗಳನ್ನೂ ಮೆಮೊರಿಯಲ್ಲೇ ಇಡೋ ವಿಚಾರ ತಂಡದೊಳಗೆ ಬೆಳೀತು. ನ್ಯೂಮನ್ ಅದನ್ನ 1945ರ ಜೂನ್‌ನಲ್ಲಿ 101 ಪುಟಗಳ ಕರಡಾಗಿ ಬರೆದ. ಗೋಲ್ಡ್‌ಸ್ಟೈನ್ ಅದನ್ನ ಎಲ್ಲೆಡೆ ಹಂಚಿದ. ಮುಖಪುಟದಲ್ಲಿ ಇದ್ದದ್ದು ಒಂದೇ ಹೆಸರು. ಯಂತ್ರ ಕಟ್ಟಿದ ಎಕರ್ಟ್ ಮತ್ತು ಮಾಕ್ಲಿ ಅನ್ನೋ ಇಬ್ಬರು ಇಂಜಿನಿಯರುಗಳ ಹೆಸರು ಇಲ್ಲವೇ ಇಲ್ಲ. ಅವರು ಜೀವನಪೂರ್ತಿ ಇದನ್ನ ಮರೀಲಿಲ್ಲ. ಆ ಕರಡು ಹಂಚಿಕೆಯಾಗಿದ್ದೂ ಮುಂದೆ ಅವರ ಪೇಟೆಂಟಿಗೆ ಮುಳುವಾಯಿತು. ಗ್ರೂಪ್ ಪ್ರಾಜೆಕ್ಟಿನಲ್ಲಿ ರಿಪೋರ್ಟ್ ಬರೆದವನ ಹೆಸರು ಮಾತ್ರ ಉಳಿಯೋ ಅನ್ಯಾಯ ನಮ್ಮಲ್ಲೂ ಬಹಳ ಜನಕ್ಕೆ ಆಗಿದೆ. ಡಬ್ಬಿ-ಬಾಣದ ಚಿತ್ರ ಬರೆಯುವಾಗ ಆ ಇಬ್ಬರನ್ನ ಒಮ್ಮೆ ನೆನೀರಿ.

ಮತ್ತೆ ಇಸ್ಪೀಟು. 1946ರಲ್ಲಿ ಸ್ಟಾನ್ ಉಲಾಮ್ ಅನ್ನೋ ಗೆಳೆಯ ಮಿದುಳಿನ ಕಾಯಿಲೆಯಿಂದ ಚೇತರಿಸಿಕೊಳ್ತಾ, ಹಾಸಿಗೆಯಲ್ಲಿ ಒಬ್ಬನೇ ಆಡೋ ಸಾಲಿಟೇರ್ ಆಡ್ತಿದ್ದ. ಈ ಆಟ ಗೆಲ್ಲೋ ಸಂಭವ ಎಷ್ಟು ಅಂತ ಸೂತ್ರ ಹುಡುಕೋ ಬದಲು, ನೂರು ಸಲ ಆಡಿ ಎಷ್ಟು ಸಲ ಗೆದ್ದೆ ಅಂತ ಎಣಿಸಿದರೆ ಸಾಕಲ್ವಾ ಅಂತ ಅವನಿಗೆ ಹೊಳೀತು. ನ್ಯೂಮನ್ ಅದನ್ನ ತಕ್ಷಣ ಹಿಡಿದುಕೊಂಡು, 1947ರ ಮಾರ್ಚ್‌ನಲ್ಲಿ ನ್ಯೂಟ್ರಾನ್‌ಗಳ ಓಡಾಟವನ್ನ ಇದೇ ರೀತಿ ಯಂತ್ರದಲ್ಲಿ ಆಡಿಸಿ ನೋಡೋ ವಿವರವಾದ ಯೋಜನೆ ಬರೆದ. ಉಲಾಮ್‌ನ ಒಬ್ಬ ಚಿಕ್ಕಪ್ಪನಿಗೆ ಜೂಜಿನ ಗೀಳಿತ್ತು, ಅದರಿಂದ ಮೆಟ್ರೊಪೊಲಿಸ್ ಈ ವಿಧಾನಕ್ಕೆ ಮಾಂಟೆ ಕಾರ್ಲೊ ಅಂತ ಹೆಸರಿಟ್ಟ. 1948ರಲ್ಲಿ ಎನಿಯಾಕ್ ಮೇಲೆ ಅದರ ಪ್ರೋಗ್ರಾಮ್ ಬರೆದು ಓಡಿಸಿದ್ದು ಮುಖ್ಯವಾಗಿ ಕ್ಲಾರಾ. ಗಣಿತದ ಪದವಿ ಇಲ್ಲದ ಆಕೆ ಜಗತ್ತಿನ ಮೊದಮೊದಲ ಪ್ರೋಗ್ರಾಮರ್‌ಗಳಲ್ಲಿ ಒಬ್ಬಳು. ನಮ್ಮ ಪಠ್ಯಪುಸ್ತಕದಲ್ಲಿ ಆಕೆಯ ಹೆಸರು ನಾವು ಹುಡುಕಿದೆವು, ಸಿಗಲಿಲ್ಲ.

ಈ ವಿಧಾನಕ್ಕೆ ರಾಶಿರಾಶಿ ಯಾದೃಚ್ಛಿಕ ಸಂಖ್ಯೆಗಳು ಬೇಕು. ಯಂತ್ರಕ್ಕೆ ನಾಣ್ಯ ಚಿಮ್ಮೋಕೆ ಬರಲ್ಲ. ನ್ಯೂಮನ್‌ನ ಉಪಾಯ: ನಾಲ್ಕಂಕಿಯ ಒಂದು ಸಂಖ್ಯೆ ತಗೊಳ್ಳಿ, ವರ್ಗ ಮಾಡಿ, ನಡುವಿನ ನಾಲ್ಕಂಕಿ ಇಟ್ಟುಕೊಳ್ಳಿ, ಮತ್ತೆ ವರ್ಗ ಮಾಡಿ. 1234ರ ವರ್ಗ 01522756, ನಡುವಿನದು 5227. ಅದರ ವರ್ಗ 27321529, ನಡುವಿನದು 3215. ನೋಡೋಕೆ ಅಡ್ಡಾದಿಡ್ಡಿ, ನಿಜದಲ್ಲಿ ಎಲ್ಲವೂ ಮೊದಲೇ ನಿಗದಿ. ಅಂದ್ರೆ ಇದೂ ಒಂದು ಬ್ಲಫ್ಫೇ! ಇದು ಪಾಪದ ಕೆಲಸ ಅಂತ ಅವನೇ ತಮಾಷೆ ಮಾಡಿಕೊಂಡಿದ್ದ.

ಆ ಬ್ಲಫ್ ಹಿಡಿಯೋ ಉಪಾಯಗಳಲ್ಲಿ ಒಂದು ನಮ್ಮ ಸಿಮ್ಯುಲೇಶನ್ ಗೆಳೆಯರು ಹೇಳಿದ ಪೋಕರ್ ಟೆಸ್ಟ್. ಬ್ರಿಟನ್ನಿನ ಕೆಂಡಾಲ್ ಮತ್ತು ಬಾಬಿಂಗ್ಟನ್ ಸ್ಮಿತ್ 1930ರ ದಶಕದ ಕೊನೆಯಲ್ಲಿ ರೂಪಿಸಿದ ಪರೀಕ್ಷೆ ಅದು. ಅಂಕಿಗಳನ್ನ ಐದೈದರ ಗುಂಪು ಮಾಡಿ, ಪೋಕರ್ ಕೈ ನೋಡೋ ಹಾಗೆ ನೋಡೋದು. ನಿಜಕ್ಕೂ ಯಾದೃಚ್ಛಿಕ ಆಗಿದ್ದರೆ ಐದೂ ಬೇರೆಬೇರೆ ಬರೋದು ನೂರಕ್ಕೆ 30.24, ಒಂದೇ ಜೋಡಿ 50.40, ಎರಡು ಜೋಡಿ 10.80, ಮೂರು ಒಂದೇ ಥರದ್ದು 7.20. ಮೂರು ಮತ್ತು ಎರಡು ಸೇರಿದ ಫುಲ್ ಹೌಸ್ 0.90, ನಾಲ್ಕು ಒಂದೇ ಥರ 0.45, ಐದೂ ಒಂದೇ ಆಗೋದು 0.01. ನಿಮ್ಮ ಎಣಿಕೆ ಇದಕ್ಕಿಂತ ತೀರಾ ದೂರ ಹೋದರೆ ಎಲ್ಲೋ ಕಳ್ಳಾಟ ಇದೆ ಅಂತ. 1949ರಲ್ಲಿ ನ್ಯೂಮನ್‌ನ ಸಲಹೆಯ ಮೇರೆಗೆ ಎನಿಯಾಕ್ ಸುಮಾರು 70 ಗಂಟೆ ದುಡಿದು ಪೈಯ 2037 ಸ್ಥಾನಗಳನ್ನ ಕಂಡುಹಿಡೀತು. ಪೈಯ ಅಂಕಿಗಳು ಎಷ್ಟು ಯಾದೃಚ್ಛಿಕ ಅನ್ನೋ ಕುತೂಹಲ ಅವನದ್ದು.

ಯುದ್ಧದ ನಂತರದ ಹತ್ತು ವರ್ಷ ಬೇಗ ಹೇಳಿ ಮುಗಿಸ್ತೀವಿ. ಪ್ರಿನ್ಸ್‌ಟನ್‌ನಲ್ಲಿ ಅವನ ಯಂತ್ರ 1952ರಲ್ಲಿ ಲೋಕಾರ್ಪಣೆಯಾಯಿತು. ಅದರ ವಿನ್ಯಾಸವನ್ನ ಗುಟ್ಟಾಗಿಡದೆ ಎಲ್ಲರಿಗೂ ಕೊಟ್ಟಿದ್ದರಿಂದ ಹಲವು ದೇಶಗಳಲ್ಲಿ ಅದರ ತಮ್ಮಂದಿರು ಹುಟ್ಟಿದರು. ಇನ್ನೊಂದು ಕಡೆ ಹೈಡ್ರೋಜನ್ ಬಾಂಬ್, ಕ್ಷಿಪಣಿಗಳು. ಸೋವಿಯತ್ ಒಕ್ಕೂಟದ ಮೇಲೆ ಅವರು ಬಲಿಯೋಕೆ ಮುಂಚೆ ನಾವೇ ಮೊದಲು ದಾಳಿ ಮಾಡಬೇಕು ಅನ್ನೋ ಪಕ್ಷದಲ್ಲಿ ಅವನಿದ್ದ. ಇಸ್ಪೀಟಿನಲ್ಲಿ ಸೋತ ಕೈಯನ್ನ ಕೆಳಗಿಟ್ಟು ಇನ್ನೊಂದು ಸುತ್ತು ಆಡಬಹುದು, ಸರಾಸರಿ ಅನ್ನೋ ಮಾತಿಗೆ ಅರ್ಥ ಬರೋದೇ ಮತ್ತೆ ಮತ್ತೆ ಆಡಿದಾಗ. ಒಂದೇ ಸಲ ಆಡಿ ಮುಗಿಯೋ ಆಟದಲ್ಲಿ ಸರಾಸರಿ ತಗೊಂಡು ಏನು ಮಾಡೋದು? ಅವನ ಸಲಹೆಯನ್ನ ಸರ್ಕಾರ ಕೇಳಲಿಲ್ಲ, ಅದಕ್ಕೇ ಇವತ್ತು ಈ ಸಂಚಿಕೆ ಬರ್ತಿದೆ.

1955ರಲ್ಲಿ ಅಮೆರಿಕದ ಅಣುಶಕ್ತಿ ಆಯೋಗದ ಸದಸ್ಯನಾದ. ಅದೇ ವರ್ಷ ಭುಜದ ನೋವು ಅಂತ ಹೋದವನಿಗೆ ಕ್ಯಾನ್ಸರ್ ಮೂಳೆಗೆ ಹಬ್ಬಿರೋದು ಗೊತ್ತಾಯಿತು. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಕೈಯಿಂದ ಪದಕ ತಗೊಂಡಿದ್ದು ಗಾಲಿಕುರ್ಚಿಯಲ್ಲಿ ಕೂತು. ಆಮೇಲೆ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆ. ಜ್ವರದ ಕನವರಿಕೆಯಲ್ಲಿ ರಹಸ್ಯ ಬಾಯಿಬಿಟ್ಟಾನು ಅಂತ ಸುತ್ತ ವಾಯುಪಡೆಯ ಕಾವಲು. ಜೀವನದುದ್ದಕ್ಕೂ ದೇವರ ಗೊಡವೆಗೆ ಹೋಗದವನು ಕ್ಯಾಥೊಲಿಕ್ ಪಾದ್ರಿಯೊಬ್ಬರನ್ನ ಕರೆಸಿಕೊಂಡ. ಗೆಳೆಯರಿಗೆ ಆಶ್ಚರ್ಯ, ಕೆಲವರಿಗೆ ಸಿಟ್ಟು. ದೇವರಿದ್ದರೆ ಲಾಭ ಅಪಾರ, ಇಲ್ಲದಿದ್ದರೆ ನಷ್ಟ ಅಲ್ಪ ಅನ್ನೋ ಪ್ಯಾಸ್ಕಲ್‌ನ ಹಳೇ ಪಂಥ ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಭಯ ಹೋಗಲಿಲ್ಲ ಅಂತ ಹತ್ತಿರದವರು ನೆನೆಸಿಕೊಂಡಿದ್ದಾರೆ. ಸಾವಿಗಿಂತ ಅವನನ್ನ ಕಾಡಿದ್ದು ತಲೆ ಓಡೋದು ನಿಲ್ಲುತ್ತೆ ಅನ್ನೋದು. ತಮ್ಮ ಮೈಕಲ್ ಪಕ್ಕ ಕೂತು ಗಯಟೆಯ ಫೌಸ್ಟ್ ಓದುತ್ತಿದ್ದ. ಪುಟ ತಿರುಗಿಸೋಕೆ ನಿಂತರೆ ಮುಂದಿನ ಸಾಲುಗಳನ್ನ ಅಣ್ಣ ಬಾಯಿಪಾಠ ಹೇಳ್ತಿದ್ದ. ಇನ್ನೂ ಸ್ವಲ್ಪ ದಿನಕ್ಕೆ, ಮಗಳು ಮರೀನಾ ಬಂದಾಗ ಏಳು ಮತ್ತು ನಾಲ್ಕು ಎಷ್ಟು ಅನ್ನೋಂಥ ಲೆಕ್ಕ ಕೇಳು ಅಂತ ಅವಳನ್ನೇ ಕೇಳಿಕೊಳ್ತಿದ್ದ. ಉತ್ತರ ಹೇಳೋದು ಕಷ್ಟವಾಗ್ತಿತ್ತು. ಅವಳಿಗೆ ಅಲ್ಲಿ ನಿಲ್ಲೋಕೆ ಆಗ್ತಿರಲಿಲ್ಲ.

1957ರ ಫೆಬ್ರವರಿ 8ರಂದು, 53ನೇ ವಯಸ್ಸಿನಲ್ಲಿ ತೀರಿಕೊಂಡ. ಯೇಲ್ ವಿಶ್ವವಿದ್ಯಾಲಯದಲ್ಲಿ ಕೊಡಬೇಕಿದ್ದ, ಕಂಪ್ಯೂಟರ್ ಮತ್ತು ಮಿದುಳನ್ನ ಹೋಲಿಸೋ ಉಪನ್ಯಾಸ ಅರ್ಧಕ್ಕೇ ನಿಂತಿತ್ತು. ಕ್ಲಾರಾ ಮುನ್ನುಡಿ ಬರೆದು, ಮರುವರ್ಷ ಅದು ಹಾಗೇ ಅಪೂರ್ಣವಾಗಿಯೇ ಪುಸ್ತಕವಾಯಿತು. ಮರೀನಾ ಅರ್ಥಶಾಸ್ತ್ರಜ್ಞೆಯಾದಳು, 1972ರಲ್ಲಿ ಅಮೆರಿಕದ ಅಧ್ಯಕ್ಷರ ಆರ್ಥಿಕ ಸಲಹೆಗಾರರ ಮಂಡಳಿಗೆ ನೇಮಕವಾದ ಮೊದಲ ಮಹಿಳೆ ಅವಳೇ.

ಈ ಲೇಖನದ ಲೆಕ್ಕಗಳನ್ನೆಲ್ಲ ಪರಿಶೀಲಿಸಿಕೊಟ್ಟದ್ದು ಆ ರೂಮ್‌ಮೇಟೇ. ಹೆಸರು ಹಾಕಬೇಡಿ ಅಂದ, ಹಾಕಿಲ್ಲ. ನಡುವಿನ ನಾಲ್ಕಂಕಿಯ ವಿಧಾನವನ್ನ ಅವನು ಲ್ಯಾಬಿನಲ್ಲಿ ಹದಿನೈದು ಸಾಲಿನ ಪ್ರೋಗ್ರಾಮ್ ಬರೆದು ಓಡಿಸಿದ. 6100 ಅಂತ ಕೊಟ್ಟಾಗ 2100 ಬಂತು, ಆಮೇಲೆ 4100, ಆಮೇಲೆ 8100, ಆಮೇಲೆ ಮತ್ತೆ 6100. ಲ್ಯಾಬ್ ಅಟೆಂಡರ್ ಬಂದು ಲೈಟ್ ಆರಿಸೋವರೆಗೂ ಸ್ಕ್ರೀನಿನ ಮೇಲೆ ಅದೇ ನಾಲ್ಕು ಸಂಖ್ಯೆಗಳು ಸುತ್ತುತ್ತಾ ಇದ್ದವು.